ನಾಬ್ ಪೂರ್ತಿ ಇಳಿಸಿದರೂ ನಿಲ್ಲದ ಸದ್ದು: ಮುಂಬೈಯ ಒಂದು ನಾಟಕ ತಂಡದ ಪ್ರಕರಣ

ಹೆಡ್‌ಫೋನ್ ವಾಲ್ಯೂಮ್ ನಾಬನ್ನು ಎಡಕ್ಕೆ ಪೂರ್ತಿ ತಿರುಗಿಸಿದ ಮೇಲೂ ಸದ್ದು ಸೋರುತ್ತದೆ ಎಂಬ ದೂರು ಗ್ರೂವ್‌ಬಾಕ್ಸ್ (ತುಂಬಿಸಿದ ತಾಳ, ತುಣುಕುಗಳನ್ನು ನುಡಿಸುವ ಯಂತ್ರ), ಸ್ಯಾಂಪ್ಲರ್, ಸಣ್ಣ ಮಿಕ್ಸರ್ ಇಟ್ಟುಕೊಂಡವರಲ್ಲಿ ತೀರಾ ಸಾಮಾನ್ಯ. ಅದಕ್ಕೆ ಸಿಗುವ ಉತ್ತರವೂ ಒಂದೇ: ಪಾಟ್ (ನಾಬಿನಡಿಯ ಪೊಟೆನ್ಶಿಯೊಮೀಟರ್, ಅಂದರೆ ತಿರುಗಿಸಿ ಬದಲಿಸಬಹುದಾದ ರೋಧ) ಹೋಗಿದೆ, ಬದಲಿಸಿ. ಇಲ್ಲಿ ವಿವರಿಸುವ ಪ್ರಕರಣದಲ್ಲಿ ಪಾಟ್ ಬದಲಿಸಿದ ಮೇಲೆ ಸೋರಿಕೆ ಹೆಚ್ಚಾಯಿತು. ಏಕೆ ಹೆಚ್ಚಾಯಿತು ಎಂದು ಹುಡುಕುತ್ತ ಹೋದಾಗ, ಮೊದಲ ದೂರಿನ ಮುಖ್ಯ ಕಾರಣ ಯಂತ್ರದ ಒಳಗೆ ಇರಲೇ ಇಲ್ಲ ಎಂಬುದು ಗೊತ್ತಾಯಿತು. ತಂಡ, ನಾಟಕ, ಅಂಗಡಿ, ಯಂತ್ರದ ಬ್ರಾಂಡ್ ಯಾವುದನ್ನೂ ಇಲ್ಲಿ ಹೆಸರಿಸಿಲ್ಲ. ಅಳತೆಗಳನ್ನು ಮಾತ್ರ ಇದ್ದ ಹಾಗೆಯೇ ಕೊಟ್ಟಿದೆ.

ಹಿನ್ನೆಲೆ

ಡೊಂಬಿವಲಿಯ ಕಡೆಯ ಕನ್ನಡಿಗರ ಹವ್ಯಾಸಿ ನಾಟಕ ತಂಡ ಇದು. ಮಾಟುಂಗಾ, ಮಾಹಿಮ್, ಡೊಂಬಿವಲಿಯ ಸಭಾಗೃಹಗಳಲ್ಲಿ ಪ್ರಯೋಗ. ಹಿನ್ನೆಲೆ ಸಂಗೀತಕ್ಕೆ ಮೊದಲು ಮೇಳ ಕೂರುತ್ತಿತ್ತು. ರಜೆ, ಲೋಕಲ್ ಟ್ರೇನು, ತಾಲೀಮಿನ ಹೊತ್ತು ಒಂದಕ್ಕೊಂದು ಹೊಂದದೆ, ಈಗ ಚಂಡೆ, ಮದ್ದಳೆ, ಹಾರ್ಮೋನಿಯಂ ತುಣುಕುಗಳನ್ನು ತುಂಬಿಸಿದ ಒಂದು ಸಣ್ಣ ಗ್ರೂವ್‌ಬಾಕ್ಸ್ ಆ ಕೆಲಸ ಮಾಡುತ್ತದೆ. ಅದನ್ನು ನುಡಿಸುವ ಧ್ವನಿ ನಿರ್ವಾಹಕಿ ವಿಂಗ್‌ನಲ್ಲೇ, ಅಂದರೆ ವೇದಿಕೆಯ ಪಕ್ಕದ ಮರೆಯಲ್ಲೇ ಕೂರುತ್ತಾರೆ.

ಜೋಡಣೆ ಸರಳವಾಗಿತ್ತು. ಮುಖ್ಯ ಔಟ್‌ಪುಟ್ ಸಭಾಂಗಣದ ಮಿಕ್ಸರ್‌ಗೆ ಹೋಗುತ್ತದೆ. ಹೆಡ್‌ಫೋನ್ ಜ್ಯಾಕ್‌ನಿಂದ ಒಂದು ಕೇಬಲ್ ವಿಂಗ್‌ನಲ್ಲಿಟ್ಟ ಪವರ್ಡ್ ಸ್ಪೀಕರ್‌ಗೆ (ಆಂಪ್ಲಿಫೈಯರ್ ಒಳಗೇ ಇರುವ ಸ್ಪೀಕರ್) ಹೋಗುತ್ತದೆ, ಕುಣಿತದ ದೃಶ್ಯಗಳಲ್ಲಿ ನಟರಿಗೆ ತಾಳ ಕೇಳಬೇಕಲ್ಲ, ಅದಕ್ಕೆ. ಎರಡಕ್ಕೂ ಬೇರೆ ಬೇರೆ ನಾಬ್ ಇರುವುದರಿಂದ ವಿಂಗ್‌ನ ಸದ್ದನ್ನು ನಿರ್ವಾಹಕಿ ತಾವೇ ಏರಿಸಬಹುದು, ಇಳಿಸಬಹುದು.

ತೊಂದರೆ ಹುಟ್ಟಿದ್ದು ಮೌನದ ದೃಶ್ಯದಲ್ಲಿ. ಕುಣಿತ ಮುಗಿದು ಸಂಭಾಷಣೆ ಶುರುವಾದಾಗಲೂ ಸೀಕ್ವೆನ್ಸರ್ (ತುಣುಕುಗಳನ್ನು ಸರದಿಯಂತೆ ನುಡಿಸುವ ಭಾಗ) ಒಳಗೊಳಗೇ ಓಡುತ್ತಿರಬೇಕು, ಇಲ್ಲವಾದರೆ ಮುಂದಿನ ಹಾಡು ತಾಳಕ್ಕೆ ಸರಿಯಾಗಿ ಎತ್ತಿಕೊಳ್ಳುವುದಿಲ್ಲ. ಆಗ ಸಭಾಂಗಣದ ಮಿಕ್ಸರ್‌ನಲ್ಲಿ ಚಾನೆಲ್ ಮ್ಯೂಟ್ ಮಾಡುತ್ತಾರೆ, ಇತ್ತ ಹೆಡ್‌ಫೋನ್ ನಾಬನ್ನು ಪೂರ್ತಿ ಇಳಿಸುತ್ತಾರೆ. ಆದರೂ ವಿಂಗ್‌ನ ಸ್ಪೀಕರಿನಿಂದ ತಾಳ ಸಣ್ಣಗೆ ಕೇಳುತ್ತಲೇ ಇತ್ತು. ವೇದಿಕೆಯ ಅಂಚಿನ ಮೈಕ್ ಅದನ್ನು ಹಿಡಿದು ಸಭೆಗೆ ಒಪ್ಪಿಸುತ್ತಿತ್ತು. ಸಾವಿನ ದೃಶ್ಯದ ಹಿಂದೆ ಚಂಡೆಯ ನೆರಳು.

ಮೊದಲ ಎರಡು ಪ್ರಯತ್ನ

ಮೊದಲು ನಾಬಿನ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರು. ತಿರುಗಿಸುವಾಗ ಬರುತ್ತಿದ್ದ ಕರಕರ ನಿಂತಿತು, ಸೋರಿಕೆ ಇದ್ದಷ್ಟೇ ಇತ್ತು. ಇದು ಹಾಗೆಯೇ ಆಗಬೇಕಾದದ್ದು. ಪಾಟ್‌ಗೆ ಮೂರು ಕಾಲು: ಮೇಲಿನದಕ್ಕೆ ಸಿಗ್ನಲ್, ಕೆಳಗಿನದಕ್ಕೆ ಗ್ರೌಂಡ್, ನಡುವಿನದು ಇಂಗಾಲದ ಪಟ್ಟಿಯ ಮೇಲೆ ಜಾರುವ ವೈಪರ್. ಕೊಳೆ ಕೂರುವುದು ವೈಪರ್ ಪಟ್ಟಿಯನ್ನು ಮುಟ್ಟುವ ಜಾಗದಲ್ಲಿ. ಆ ಸಂಪರ್ಕದ ರೋಧ ಹೆಡ್‌ಫೋನ್ ಆಂಪ್ಲಿಫೈಯರ್‌ನ ಇನ್‌ಪುಟ್‌ಗೆ ಸರಣಿಯಲ್ಲಿ ಬರುತ್ತದೆ. ಇನ್‌ಪುಟ್‌ನ ರೋಧ ಸಾವಿರಾರು ಓಮ್ ಇರುವಾಗ ಹತ್ತಿಪ್ಪತ್ತು ಓಮ್ ಕೊಳೆಯಿಂದ ಮಟ್ಟ ಬದಲಾಗುವುದಿಲ್ಲ. ಕೊಳೆ ಕರಕರ ಮಾಡುತ್ತದೆ, ಸದ್ದು ತಪ್ಪಿಸುತ್ತದೆ. ನಾಬ್ ಕೊನೆ ಮುಟ್ಟಿದಾಗಿನ ಸೋರಿಕೆಗೆ ಕಾರಣವಾಗುವುದು ಅಪರೂಪ. ಕ್ಲೀನರ್ ಹೊಡೆಯುವವರು ಫೇಡರ್‌ಗಳಿಗೆಂದೇ ಬರುವುದನ್ನು ಕೊಳ್ಳಿ. ಬಾಗಿಲ ಕೀಲಿಗೆ ಹೊಡೆಯುವ ಎಣ್ಣೆ ಪಾಟ್‌ನ ಗ್ರೀಸನ್ನು ತೊಳೆದುಹಾಕಿ ಧೂಳನ್ನು ಅಂಟಿಸಿಕೊಳ್ಳುತ್ತದೆ.

ಎರಡನೆಯ ಪ್ರಯತ್ನ, ಲ್ಯಾಮಿಂಗ್ಟನ್ ರೋಡ್ ಆಸುಪಾಸಿನ ಒಂದು ರಿಪೇರಿ ಅಂಗಡಿ. ಅಲ್ಲಿ ಹೆಡ್‌ಫೋನ್ ಪಾಟನ್ನು ಬದಲಿಸಿ, ಹಳೆಯದನ್ನು ಪೊಟ್ಟಣ ಕಟ್ಟಿ ವಾಪಸು ಕೊಟ್ಟರು. ಈ ಒಂದು ಒಳ್ಳೆಯ ಅಭ್ಯಾಸ ಮುಂದೆ ತುಂಬ ನೆರವಾಯಿತು. ಆದರೆ ತಾಲೀಮಿನಲ್ಲಿ ಎರಡು ಹೊಸ ಲಕ್ಷಣ ಕಂಡವು. ನಾಬ್ ಸ್ವಲ್ಪ ಅಲುಗಿದರೆ ಸಾಕು ಸದ್ದು ಧುಮುಕಿ ಬರುತ್ತಿತ್ತು, ಅರ್ಧದ ಆಚೆಗೆ ಹೆಚ್ಚೇನೂ ಏರುತ್ತಿರಲಿಲ್ಲ. ಸೋರಿಕೆ ಮಾತ್ರ ಮೊದಲಿಗಿಂತ ಸ್ಪಷ್ಟವಾಗಿ ಜೋರಾಗಿತ್ತು. ನಾಬನ್ನು ಒತ್ತಿ ಹಿಡಿದರೆ ಹೆಚ್ಚುಕಡಿಮೆ ಆಗುತ್ತಿತ್ತು.

ಈ ಹಂತದಲ್ಲಿ ತಂಡ ಹೊಸ ಯಂತ್ರ ಕೊಳ್ಳುವ ಯೋಚನೆಯಲ್ಲಿತ್ತು. ಮೂರನೆಯ ಸಲ ತೋರಿಸಿದ ತಂತ್ರಜ್ಞರು ಹೇಳಿದ ಮೊದಲ ಮಾತೇ ಪ್ರಕರಣದ ದಿಕ್ಕು ತಿರುಗಿಸಿತು: ಯಂತ್ರ ಒಂದನ್ನೇ ತರಬೇಡಿ, ಅದಕ್ಕೆ ಹಾಕುವ ಕೇಬಲ್ ಮತ್ತು ಸ್ಪೀಕರ್ ಕೂಡ ತನ್ನಿ. ಸೋರಿಕೆ ಕೇಳಿಸುವುದು ಇಡೀ ಸರಪಳಿಯ ಕೊನೆಯಲ್ಲಿ. ಒಂದು ಕೊಂಡಿಯನ್ನು ಮಾತ್ರ ಮೇಜಿನ ಮೇಲಿಟ್ಟು ತೀರ್ಪು ಕೊಡಲಾಗದು.

ಅಳತೆ

ಕಿವಿಯಿಂದ ಶುರು ಮಾಡುವುದು ತಪ್ಪಲ್ಲ, ಸೋರಿಕೆಯ ಬಣ್ಣವೇ ಅರ್ಧ ವಿಷಯ ಹೇಳುತ್ತದೆ. ಮಂದ್ರವೂ ತಾರವೂ ಸಮವಾಗಿ, ಇಡೀ ಸಂಗೀತ ಚಿಕ್ಕದಾದಂತೆ ಕೇಳಿದರೆ ದಾರಿ ರೋಧದ್ದು: ಪಾಟ್‌ನ ಕೊನೆ ಅಥವಾ ಗ್ರೌಂಡ್ ಸಂಪರ್ಕ. ಬರೀ ತಾಳದ ಕಿಣಿಕಿಣಿ, ಸಿಂಬಲ್‌ನ ಚುಸ್ ಚುಸ್ ಮಾತ್ರ ಬಂದರೆ ಅಕ್ಕಪಕ್ಕದ ಎರಡು ತಾಮ್ರದ ಗೆರೆಗಳ ನಡುವಿನ ಕೆಪ್ಯಾಸಿಟೆನ್ಸ್‌ನಿಂದ (ತಾಕದೆಯೂ ಸಿಗ್ನಲ್ ದಾಟಿಸುವ ಗುಣ) ಹಾರಿ ಬಂದದ್ದು. ಒಂದೇ ಕಿವಿಯಲ್ಲಿ ಬಂದರೆ ಪಾಟ್‌ನ ಒಂದು ಗ್ಯಾಂಗ್ (ಎಡಕ್ಕೊಂದು, ಬಲಕ್ಕೊಂದು ಇರುವ ಅರ್ಧಭಾಗ) ಅಥವಾ ಅದರ ಬೆಸುಗೆಯನ್ನು ನೋಡಿ. ಹಾಡುಗಾರಿಕೆ, ಮುಖ್ಯ ತಾಳ ಎಲ್ಲ ಮಾಯವಾಗಿ ಬರೀ ರಿವರ್ಬ್ (ಮಾರ್ದನಿ) ಉಳಿದರೆ, ಎಡ ಬಲಗಳ ವ್ಯತ್ಯಾಸ ಮಾತ್ರ ಕೇಳುತ್ತಿದೆ ಎಂದರ್ಥ. ಜ್ಯಾಕ್‌ನ ಗ್ರೌಂಡ್ ಕಡಿದಿರಬೇಕು, ಇಲ್ಲವೇ ಕೇಬಲ್ ತಪ್ಪಾಗಿರಬೇಕು. ಈ ಕೊನೆಯ ಮಾತನ್ನು ನೆನಪಿನಲ್ಲಿಡಿ.

ಅಳೆಯಲು ಗ್ರೂವ್‌ಬಾಕ್ಸ್‌ಗೆ 400 ಹರ್ಟ್ಸ್‌ನ ಸೈನ್ ಸದ್ದನ್ನು ಪೂರ್ತಿ ಮಟ್ಟದಲ್ಲಿ, ಎಡ ಬಲ ಸಮವಾಗಿ ಲೋಡ್ ಮಾಡಿದರು. 1,000 ಹರ್ಟ್ಸ್ ಬಿಟ್ಟು 400 ಆರಿಸಿದ್ದಕ್ಕೆ ಕಾರಣ ಇದೆ: ಅಗ್ಗದ ಮಲ್ಟಿಮೀಟರ್‌ಗಳ ಎಸಿ ಅಳತೆಯನ್ನು ಕೆಲವು ನೂರು ಹರ್ಟ್ಸ್‌ವರೆಗೆ ಮಾತ್ರ ನಂಬಬಹುದು. ಹೆಡ್‌ಫೋನ್ ಜ್ಯಾಕ್‌ಗೆ ಎರಡೂ ಚಾನೆಲ್‌ಗೆ ಹೆಡ್‌ಫೋನಿನ ಬದಲು ಒಂದೊಂದು 33 ಓಮ್ ರೆಸಿಸ್ಟರ್ ಹೊರೆ. ಹೆಡ್‌ಫೋನ್ ಹಾಕಿಕೊಂಡು ಈ ಅಳತೆ ಖಂಡಿತ ಮಾಡಬೇಡಿ, ಕಿವಿ ಹೋಗುತ್ತದೆ.

ನಾಬ್ ಪೂರ್ತಿ ಏರಿಸಿದಾಗ ಎಡಕ್ಕೆ 1.42 ವೋಲ್ಟ್, ಬಲಕ್ಕೆ 1.40 ವೋಲ್ಟ್ ಬಂತು. ಪೂರ್ತಿ ಇಳಿಸಿದಾಗ ಎಡಕ್ಕೆ 1.1 ಮಿಲಿವೋಲ್ಟ್, ಬಲಕ್ಕೆ 9.6 ಮಿಲಿವೋಲ್ಟ್. ಒಂದು ಮಿಲಿವೋಲ್ಟ್ ಸುತ್ತ ಅಗ್ಗದ ಮೀಟರ್ ಹೇಳಿದ್ದೆಲ್ಲ ನಿಜವಲ್ಲ, ಹಾಗಾಗಿ ಅದೇ ಸಿಗ್ನಲನ್ನು ಆಡಿಯೊ ಇಂಟರ್‌ಫೇಸ್ ಮೂಲಕ ಲ್ಯಾಪ್‌ಟಾಪ್‌ನಲ್ಲಿ ರೆಕಾರ್ಡ್ ಮಾಡಿ, ಆಡಾಸಿಟಿ ಎಂಬ ಧ್ವನಿ ಸಾಫ್ಟ್‌ವೇರ್‌ನ ಸ್ಪೆಕ್ಟ್ರಮ್‌ನಲ್ಲಿ 400 ಹರ್ಟ್ಸ್‌ನ ಶಿಖರವನ್ನು ಮಾತ್ರ ಹೋಲಿಸಿದರು. ಗುಂಯ್‌ಗುಟ್ಟುವ 50 ಹರ್ಟ್ಸ್ ಹಮ್ ಆಗ ಲೆಕ್ಕ ಕೆಡಿಸುವುದಿಲ್ಲ. ಎರಡು ರೆಕಾರ್ಡಿಂಗ್‌ಗಳ ನಡುವೆ ಇಂಟರ್‌ಫೇಸ್‌ನ ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ) ಮುಟ್ಟಬಾರದು, ಅಷ್ಟೇ ನಿಯಮ. ಫಲಿತಾಂಶ ಮೀಟರ್ ಹೇಳಿದ್ದಕ್ಕೆ ಹೊಂದಿತು: ಪೂರ್ತಿ ಮಟ್ಟಕ್ಕಿಂತ ಎಡ 62 ಡಿಬಿ (ಡೆಸಿಬೆಲ್) ಕೆಳಗೆ, ಬಲ 43 ಡಿಬಿ ಕೆಳಗೆ; ವೋಲ್ಟೇಜ್ ಹತ್ತರಲ್ಲೊಂದು ಪಾಲಾದರೆ 20 ಡಿಬಿ ಇಳಿತ.

ಇನ್ನು ಈ ಅಂಕಿಗಳನ್ನು ಓಮ್‌ಗೆ ತಿರುಗಿಸಬೇಕು. ಇಂಥ ಯಂತ್ರಗಳಲ್ಲಿ ಸಾಮಾನ್ಯವಾಗಿರುವ ಹಾಗೆ ಇಲ್ಲೂ 10 ಕಿಲೋಓಮ್‌ನ ಎರಡು ಗ್ಯಾಂಗ್ ಪಾಟ್. ನಾಬ್ ಕೊನೆ ಮುಟ್ಟಿದಾಗ ವೈಪರ್ ಮತ್ತು ಗ್ರೌಂಡ್ ನಡುವೆ ಸೊನ್ನೆ ಓಮ್ ಇರಬೇಕು, ಆದರೆ ಯಾವ ಪಾಟ್‌ನಲ್ಲೂ ಅದು ಸೊನ್ನೆ ಅಲ್ಲ. ತಯಾರಕರೇ ಕೆಲವು ಓಮ್ ಉಳಿಕೆ ರೋಧಕ್ಕೆ ಅವಕಾಶ ಇಟ್ಟುಕೊಂಡಿರುತ್ತಾರೆ. 10 ಕಿಲೋಓಮ್‌ನಲ್ಲಿ 10 ಓಮ್ ಉಳಿದರೆ ಸಾವಿರದಲ್ಲೊಂದು ಪಾಲು, ಅಂದರೆ 60 ಡಿಬಿ. ಒಂದೇ ಓಮ್ ಉಳಿದರೆ 80 ಡಿಬಿ. ಈ ಲೆಕ್ಕದಲ್ಲಿ ಎಡಗಡೆ ಸುಮಾರು 8 ಓಮ್, ಬಲಗಡೆ ಸುಮಾರು 69 ಓಮ್. ಎಂಟು ಸಹಜ. ಅರವತ್ತೊಂಬತ್ತು ಯಾವ ಹೊಸ ಪಾಟ್‌ಗೂ ಸಹಜವಲ್ಲ.

60 ಡಿಬಿ ಸಾಲದೇ ಎಂದು ಕೇಳಬಹುದು. ಕಿವಿಯೊಳಗೆ ಕೂರುವ ಇಯರ್‌ಫೋನ್ ಒಂದು ಮಿಲಿವ್ಯಾಟ್‌ಗೆ 105 ಡಿಬಿ ಸದ್ದು ಕೊಡುತ್ತದೆ ಎಂದುಕೊಳ್ಳಿ. 32 ಓಮ್‌ಗೆ 1 ವೋಲ್ಟ್ ಸಿಕ್ಕಿದರೆ 31 ಮಿಲಿವ್ಯಾಟ್, ಅಂದರೆ 120 ಡಿಬಿ. ಅದರಿಂದ 60 ಕಳೆದರೆ ಉಳಿಯುವುದು 60 ಡಿಬಿ, ಎದುರು ಕೂತು ಮಾತಾಡುವಷ್ಟು ಸದ್ದು. ಅದೇ ಪಾಟ್‌ಗೆ ಒಂದು ಮಿಲಿವ್ಯಾಟ್‌ಗೆ 96 ಡಿಬಿಯ, 250 ಓಮ್‌ನ ಸ್ಟುಡಿಯೊ ಹೆಡ್‌ಫೋನ್ ಹಾಕಿದರೆ ಉಳಿಯುವುದು 42 ಡಿಬಿ, ಮುಂಬೈಯ ಮನೆಯಲ್ಲಿ ಫ್ಯಾನ್ ಓಡುತ್ತಿದ್ದರೆ ಕೇಳಿಸುವುದೇ ಕಷ್ಟ. ಒಂದೇ ಮಾಡೆಲ್ ಯಂತ್ರದ ಬಗ್ಗೆ ಒಬ್ಬರು ದೂರುವುದು, ಇನ್ನೊಬ್ಬರು ನನ್ನದರಲ್ಲಿ ಏನೂ ಇಲ್ಲ ಎನ್ನುವುದು ಇದರಿಂದ. ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ.

ಬಲಗಡೆಯ 61 ಓಮ್

ಅಡಾಪ್ಟರ್ ಕಿತ್ತು, ಕವಚ ಬಿಚ್ಚಿ, ಪಾಟ್‌ನ ಕೆಳಗಿನ ಕಾಲಿಗೂ ಹೆಡ್‌ಫೋನ್ ಜ್ಯಾಕ್‌ನ ಗ್ರೌಂಡ್‌ಗೂ ನಡುವೆ ಓಮ್ ನೋಡಿದರು. ಎಡ ಗ್ಯಾಂಗ್‌ನಲ್ಲಿ 0.2, ಮೀಟರಿನ ತಂತಿಯ ರೋಧವೇ ಅಷ್ಟು. ಬಲ ಗ್ಯಾಂಗ್‌ನಲ್ಲಿ 61, ನಾಬನ್ನು ಒತ್ತಿದರೆ 20ರಿಂದ 80ರವರೆಗೆ ಓಡಾಡುತ್ತಿತ್ತು. ಪಾಟ್ ನಿರಪರಾಧಿ. ಗ್ರೌಂಡ್‌ಗೆ ಹೋಗುವ ದಾರಿಯೇ ಅರ್ಧ ಕಡಿದಿದೆ.

ಇದು ಹೇಗಾಯಿತು ಎಂಬುದನ್ನು ಬೋರ್ಡೇ ತೋರಿಸಿತು. ಎರಡು ಬದಿಯ ಬೋರ್ಡ್‌ನಲ್ಲಿ ಕಾಲು ತೂರುವ ತೂತಿನ ಒಳಗೋಡೆಗೆ ತಾಮ್ರ ಲೇಪಿಸಿರುತ್ತಾರೆ. ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಅದೇ ಸೇತುವೆ. ಈ ಯಂತ್ರದಲ್ಲಿ ಗ್ರೌಂಡ್ ಕಾಲು ಸೇರುವುದು ಮೇಲಿನ ಪದರದ ಅಗಲವಾದ ತಾಮ್ರದ ಹಾಸಿಗೆ, ಅದೂ ಪಾಟ್‌ನ ಮೈಯಡಿಯಲ್ಲಿ. ಅಗಲವಾದ ತಾಮ್ರ ಶಾಖವನ್ನು ಹೀರಿಕೊಳ್ಳುವುದರಿಂದ ಉಳಿದ ಕಾಲುಗಳ ಬೆಸುಗೆ ಕರಗಿದಾಗಲೂ ಗ್ರೌಂಡ್ ಕಾಲಿನದು ಒಳಗೆ ಗಟ್ಟಿಯಾಗಿಯೇ ಇರುತ್ತದೆ. ಆಗ ಪಾಟನ್ನು ಜಗ್ಗಿದರೆ ಕಾಲಿನ ಜತೆ ಆ ತಾಮ್ರದ ಒಳಗೋಡೆಯೂ ಕಿತ್ತು ಬರುತ್ತದೆ. ಹೊಸ ಪಾಟ್‌ನ ಬೆಸುಗೆ ಕೆಳಗಿನ ಉಂಗುರಕ್ಕೆ ಹೊಳೆಯುತ್ತ ಅಂಟಿಕೊಂಡಿತ್ತು, ನೋಡಲು ಅಂದವಾಗಿತ್ತು. ಮೇಲಿನ ಪದರಕ್ಕೆ ಅದು ತಲುಪಿದ್ದು ಒಂದು ಎಳೆಯಷ್ಟು ಮಾತ್ರ.

ಈ ಕೆಲಸಕ್ಕೆ ಕೈ ಹಾಕುವವರು ಪಾಟನ್ನು ಇಡಿಯಾಗಿ ಉಳಿಸುವ ಆಸೆ ಬಿಡಬೇಕು. ಮೊದಲು ಕಟ್ಟರ್‌ನಿಂದ ಆರೂ ಕಾಲುಗಳನ್ನು ಕತ್ತರಿಸಿ ಮೈಯನ್ನು ಬೇರೆ ಮಾಡಿ. ಆಮೇಲೆ ಒಂದೊಂದೇ ಕಾಲಿಗೆ ಹೊಸ ಸೀಸದ ಬೆಸುಗೆ ಸೇರಿಸಿ, 350 ಡಿಗ್ರಿ ಸೆಲ್ಸಿಯಸ್ ಸುತ್ತ ಅಗಲ ತುದಿಯ ಐರನ್‌ನಿಂದ ಕಾಯಿಸಿ, ಕಾಲು ತಾನಾಗಿ ಸಡಿಲವಾದಾಗ ಚಿಮಟದಿಂದ ಎತ್ತಿ. ಗ್ರೌಂಡ್ ಕಾಲಿಗೆ ಬೇರೆಯವಕ್ಕಿಂತ ಹೆಚ್ಚು ಹೊತ್ತು ಬೇಕು. ಕೊನೆಗೆ ಬ್ರೇಡ್‌ನಿಂದ (ಬೆಸುಗೆ ಹೀರುವ ತಾಮ್ರದ ಹೆಣಿಗೆ) ತೂತು ಬಿಡಿಸಿಕೊಳ್ಳಿ. ಹೊಸ ಪಾಟ್ ಹಾಕಿದ ಕೂಡಲೇ ಕೆಳಗಿನ ಎರಡೂ ಕಾಲುಗಳಿಂದ ಜ್ಯಾಕ್‌ನ ಗ್ರೌಂಡ್‌ಗೆ ಓಮ್ ನೋಡುವುದು ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷವನ್ನು ಯಾರಾದರೂ ಕೊಟ್ಟಿದ್ದರೆ ಈ 61 ಓಮ್ ಅಂಗಡಿಯ ಮೇಜಿನ ಮೇಲೆಯೇ ಸಿಕ್ಕಿಬೀಳುತ್ತಿತ್ತು.

ನಾಬ್ ಧುಮುಕುವುದಕ್ಕೂ ಉತ್ತರ ಸಿಕ್ಕಿತು. ಹೊಸ ಪಾಟ್‌ನ ಮೇಲೆ ಬಿ10ಕೆ ಎಂದಿತ್ತು, ಹಳೆಯದರ ಮೇಲೆ ಎ10ಕೆ. ಜಪಾನ್, ಚೀನಾ, ತೈವಾನಿನ ಭಾಗಗಳಲ್ಲಿ ಎ ಎಂದರೆ ಕಿವಿಗೆ ಹೊಂದುವ ಲಾಗ್ ಏರಿಕೆ, ಬಿ ಎಂದರೆ ಲೀನಿಯರ್, ತಿರುಗಿಸಿದಷ್ಟಕ್ಕೇ ಸಮನಾದ ಏರಿಕೆ, ಅದು ಕಿವಿಗೆ ಶುರುವಿನಲ್ಲೇ ಧುಮುಕಿದಂತೆ ಕೇಳುತ್ತದೆ. ಕೆಲವು ಯುರೋಪಿಯನ್ ತಯಾರಕರಲ್ಲಿ ಎ ಎಂದರೇ ಲೀನಿಯರ್, ಆದ್ದರಿಂದ ಅಕ್ಷರ ನಂಬದೆ ಅಳೆಯಿರಿ: ನಾಬ್ ನಟ್ಟನಡುವೆ ಇದ್ದಾಗ ವೈಪರ್‌ನಿಂದ ಕೆಳಗಿನ ಕಾಲಿಗೆ 5 ಕಿಲೋಓಮ್ ಬಂದರೆ ಲೀನಿಯರ್, 1ರಿಂದ 1.5 ಕಿಲೋಓಮ್ ಬಂದರೆ ಲಾಗ್.

ಹಾಗಾದರೆ ಮೊದಲ ದೂರು?

ಅಂಗಡಿಯವರು ಹೊಸ ದೋಷ ಸೇರಿಸಿದ್ದು ನಿಜ. ಆದರೆ ಹಳೆಯ ಪಾಟ್ ಇದ್ದಾಗಲೂ ಸೋರುತ್ತಿತ್ತಲ್ಲ? ಹೊಸ ದೋಷ ಸಿಕ್ಕಿದ ಖುಷಿಯಲ್ಲಿ ಈ ಪ್ರಶ್ನೆಯನ್ನು ಬಿಟ್ಟುಬಿಡುವುದು ಸುಲಭವಿತ್ತು. ಬಿಟ್ಟಿದ್ದರೆ ಯಂತ್ರ ಮತ್ತೆ ಅದೇ ದೂರಿನೊಂದಿಗೆ ವಾಪಸು ಬರುತ್ತಿತ್ತು.

ಪೊಟ್ಟಣದಲ್ಲಿದ್ದ ಹಳೆಯ ಪಾಟನ್ನು ತೆಗೆದು ಪರೀಕ್ಷಿಸಿದರು. ಇಲ್ಲಿ ಓಮ್ ಮೀಟರ್ ದಾರಿ ತಪ್ಪಿಸುತ್ತದೆ, ಏಕೆಂದರೆ ವೈಪರ್‌ನ ಕೊಳೆಯ ರೋಧವನ್ನೂ ಅದು ಕೂಡಿಸಿ ತೋರಿಸುತ್ತದೆ. ಸರಿಯಾದ ಪರೀಕ್ಷೆ ಬ್ಯಾಟರಿಯದು. 9 ವೋಲ್ಟ್ ಬ್ಯಾಟರಿಯನ್ನು ಮೇಲಿನ ಮತ್ತು ಕೆಳಗಿನ ಕಾಲುಗಳಿಗೆ ಕೊಟ್ಟು, ನಾಬನ್ನು ಪೂರ್ತಿ ಇಳಿಸಿ, ವೈಪರ್ ಮತ್ತು ಕೆಳಗಿನ ಕಾಲಿನ ನಡುವಿನ ಮಿಲಿವೋಲ್ಟ್ ಓದಿ. 10 ಕಿಲೋಓಮ್ ಪಾಟ್‌ನಲ್ಲಿ ಪ್ರತಿ ಓಮ್‌ಗೆ 0.9 ಮಿಲಿವೋಲ್ಟ್. ವೈಪರ್‌ನಲ್ಲಿ ಕರೆಂಟೇ ಹರಿಯದ ಕಾರಣ ಕೊಳೆ ಲೆಕ್ಕಕ್ಕೆ ಬರುವುದಿಲ್ಲ. ಹಳೆಯ ಪಾಟ್‌ನ ಎಡಕ್ಕೆ 6.3 ಮಿಲಿವೋಲ್ಟ್, ಬಲಕ್ಕೆ 14.4 ಬಂತು. ಅಂದರೆ 7 ಓಮ್ ಮತ್ತು 16 ಓಮ್. ಅತ್ಯುತ್ತಮವಲ್ಲ, ಕೆಟ್ಟದ್ದೂ ಅಲ್ಲ. ಬಿಸಾಡಬೇಕಾದ ಪಾಟ್ ಅದಾಗಿರಲಿಲ್ಲ.

ಆಗ ಕೇಬಲ್ ಕೈಗೆ ಬಂತು. ಒಂದು ತುದಿಯಲ್ಲಿ 3.5 ಮಿಲಿಮೀಟರ್ ಸ್ಟೀರಿಯೊ ಪ್ಲಗ್, ಇನ್ನೊಂದು ತುದಿಯಲ್ಲಿ 6.35 ಮಿಲಿಮೀಟರ್ ಸ್ಟೀರಿಯೊ ಪ್ಲಗ್, ಎರಡಕ್ಕೂ ಎರಡೆರಡು ಕಪ್ಪು ಗೆರೆ. ಅದು ಹೋಗಿ ಕೂರುತ್ತಿದ್ದದ್ದು ಪವರ್ಡ್ ಸ್ಪೀಕರಿನ ಬ್ಯಾಲೆನ್ಸ್ಡ್ ಇನ್‌ಪುಟ್‌ನಲ್ಲಿ. ಆ ಇನ್‌ಪುಟ್, ಪ್ಲಗ್‌ನ ತುದಿಯ ಸಿಗ್ನಲ್‌ನಿಂದ ಎರಡು ಗೆರೆಗಳ ನಡುವಿನ ಉಂಗುರದ ಸಿಗ್ನಲನ್ನು ಕಳೆದು ಉಳಿದದ್ದನ್ನು ಮಾತ್ರ ನುಡಿಸುತ್ತದೆ. ಹೆಡ್‌ಫೋನ್ ಜ್ಯಾಕ್‌ನಲ್ಲಿ ತುದಿ ಎಂದರೆ ಎಡ ಚಾನೆಲ್, ಉಂಗುರ ಎಂದರೆ ಬಲ ಚಾನೆಲ್. ಆದ್ದರಿಂದ ಸ್ಪೀಕರ್ ನುಡಿಸುತ್ತಿದ್ದದ್ದು ಎಡದಿಂದ ಬಲ ಕಳೆದದ್ದನ್ನು. ನಟ್ಟನಡುವೆ ಕೂರಿಸಿದ ಚಂಡೆಯ ಪೆಟ್ಟು ಎರಡರಲ್ಲೂ ಸಮ, ಅದು ಬಹುಮಟ್ಟಿಗೆ ಅಳಿಸಿಹೋಗುತ್ತಿತ್ತು. ಉಳಿಯುತ್ತಿದ್ದದ್ದು ಅದರ ಸುತ್ತಲಿನ ರಿವರ್ಬ್, ಅಷ್ಟಿಷ್ಟು ತಾರದ ಸದ್ದು. ವಿಂಗ್‌ನ ಸ್ಪೀಕರ್‌ಗೆ ದಮ್ಮಿಲ್ಲ ಎಂದು ತಂಡ ಭಾವಿಸಿತು. ಅದರ ಗೇನನ್ನು ಕೊನೆಯವರೆಗೆ ತಿರುಗಿಸಿ, ಕದಲದಂತೆ ಟೇಪ್ ಅಂಟಿಸಿದ್ದರು.

ಇಡೀ ಪ್ರಕರಣದ ಗಂಟು ಈ ಟೇಪ್‌ನ ಅಡಿಯಲ್ಲಿತ್ತು. ಲೆಕ್ಕ ಹಾಕೋಣ. ಹಳೆಯ ಲಾಗ್ ಪಾಟ್ ಅರ್ಧದಲ್ಲಿ ಇದ್ದಾಗ ಎಡ ಬಲ ಎರಡೂ ಪೂರ್ತಿ ಮಟ್ಟಕ್ಕಿಂತ ಸುಮಾರು 20 ಡಿಬಿ ಕೆಳಗೆ. ಎರಡು ಗ್ಯಾಂಗ್‌ಗಳು ಅರ್ಧ ಡಿಬಿಯಷ್ಟು ಏರುಪೇರಾಗಿವೆ ಎಂದುಕೊಂಡರೆ, ಕಳೆದ ಮೇಲೆ ಮೋನೊ ಸದ್ದಿನಲ್ಲಿ ಉಳಿಯುವುದು ಇನ್ನೂ 25 ಡಿಬಿ ಕೆಳಗೆ, ಒಟ್ಟು 45. ನಾಬನ್ನು ಪೂರ್ತಿ ಇಳಿಸಿದಾಗ ಉಳಿಕೆ ರೋಧಗಳ ವ್ಯತ್ಯಾಸ 16 ಕಳೆಯಿರಿ 7, ಅಂದರೆ 9 ಓಮ್, ಅದು 61 ಡಿಬಿ ಕೆಳಗೆ. ಹೀಗೆ ಬೇಕಾದ ಸದ್ದಿಗೂ ಬೇಡದ ಸದ್ದಿಗೂ ನಡುವಿನ ಅಂತರ ಬರೀ 16 ಡಿಬಿ. ಸಂಗೀತ ತೆಳುವಾಯಿತು ಎಂದು ಗೇನ್ ಏರಿಸಿದಷ್ಟೂ ಸೋರಿಕೆಯೂ ಜತೆಗೇ ಏರಿತು. ಅದೇ ಪಾಟ್, ಅದೇ ಸ್ಪೀಕರ್ ಇಟ್ಟುಕೊಂಡು ಎಡ ಬಲಗಳನ್ನು ಸರಿಯಾಗಿ ಕೂಡಿಸಿದ್ದರೆ ಅಂತರ 39 ಡಿಬಿ ಆಗುತ್ತಿತ್ತು, ಸೋರಿಕೆ ಬಹುಶಃ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಇನ್ನು ಅಂಗಡಿಯ ರಿಪೇರಿಯ ನಂತರ ವ್ಯತ್ಯಾಸ 61 ಓಮ್‌ಗೆ ಏರಿತು, 44 ಡಿಬಿ ಕೆಳಗೆ. ಗೇನ್ ಅಲ್ಲೇ ಇದ್ದರೂ ಸೋರಿಕೆ 17 ಡಿಬಿ ಜೋರಾಯಿತು. ತಾಲೀಮಿನಲ್ಲಿ ಎಲ್ಲರ ಕಿವಿಗೂ ಬಿದ್ದದ್ದು ಅದೇ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ಕೇಬಲ್‌ನ ತಪ್ಪಿಗೆ ಪಾಟ್ ಪೆಟ್ಟು ತಿಂದಿತ್ತು.

ಸರಿಪಡಿಸಿದ್ದು ಹೀಗೆ

ಕಿತ್ತುಹೋದ ತೂತಿಗೆ ಮೊದಲು ಚಿಕಿತ್ಸೆ. ಬಲ ಗ್ಯಾಂಗ್‌ನ ಗ್ರೌಂಡ್ ಕಾಲಿನಿಂದ ಹತ್ತಿರದ ಕೆಪ್ಯಾಸಿಟರ್‌ನ ಗ್ರೌಂಡ್ ತುದಿಗೆ 30 ಗೇಜ್‌ನ ಸಣ್ಣ ತಂತಿ ಬೆಸೆದರು. ತಂತಿಯನ್ನು ಎಲ್ಲಿಗೆ ಒಯ್ಯುತ್ತೀರಿ ಎಂಬುದರಲ್ಲಿ ಎಚ್ಚರ ಬೇಕು. ಎಲ್‌ಇಡಿ, ಡಿಸ್‌ಪ್ಲೇಗಳ ಕರೆಂಟ್ ಹರಿಯುವ ಡಿಜಿಟಲ್ ಗ್ರೌಂಡ್‌ಗೆ ಬೆಸೆದರೆ ಸೋರಿಕೆ ಹೋಗಿ ಅದರ ಜಾಗಕ್ಕೆ ಸಣ್ಣ ಕೀಚಲು ಸದ್ದು ಬರುತ್ತದೆ. ಎಡ ಗ್ಯಾಂಗ್‌ನ ಗ್ರೌಂಡ್ ಎಲ್ಲಿ ಸೇರಿದೆಯೋ ಅಲ್ಲಿಗೇ ಬಲದ್ದೂ ಹೋಗಬೇಕು.

ಹೊಸ ಪಾಟ್ ಹೇಗಿದ್ದರೂ ಬೇಕಾಗಿತ್ತು, ಬಿ ಬದಲು ಎ. 9 ಮಿಲಿಮೀಟರ್ ಅಳತೆಯ ಎ10ಕೆ ಪಾಟ್‌ಗಳನ್ನು ಐದು ಕೊಂಡು, ಎಲ್ಲವನ್ನೂ ಬ್ಯಾಟರಿ ಪರೀಕ್ಷೆಗೆ ಹಾಕಿ, ಅತಿ ಕಡಿಮೆ ಉಳಿಕೆಯದನ್ನು ಆರಿಸಿದರು: ಎಡ 3 ಓಮ್, ಬಲ 3.4. ಒಂದೇ ಚೀಲದ ಐದರಲ್ಲಿ ಮೂರರಿಂದ ಹದಿನೆಂಟು ಓಮ್‌ವರೆಗೆ ವ್ಯತ್ಯಾಸವಿತ್ತು. ಒಂದನ್ನೇ ಕೊಂಡು ಬೆಸೆಯುವವರು ಅದೃಷ್ಟದ ಮೇಲೆ ಭಾರ ಹಾಕುತ್ತಾರೆ. ಜೋಡಣೆಯ ನಂತರ ಅಳೆದಾಗ ಎಡ 70 ಡಿಬಿ, ಬಲ 69 ಡಿಬಿ ಕೆಳಗೆ.

ಇಲ್ಲಿ ಇನ್ನೊಂದು ಪರೀಕ್ಷೆ ಮಾಡಿದರು, ಇದನ್ನು ಎಲ್ಲರೂ ಕಲಿಯಬೇಕು. ನಾಬ್ ಪೂರ್ತಿ ಕೆಳಗಿರುವಾಗ ವೈಪರ್‌ನಿಂದ ಗ್ರೌಂಡ್‌ಗೆ ನೇರವಾಗಿ ಒಂದು ತಂತಿ ಮುಟ್ಟಿಸಿ. ಸೋರಿಕೆ ನಿಂತರೆ ಅದು ಪಾಟ್‌ನ ದಾರಿಯಾಗಿ ಬರುತ್ತಿತ್ತು. ನಿಲ್ಲದಿದ್ದರೆ ಪಾಟ್‌ನ ಆಚೆ ಎಲ್ಲೋ ಹಾರಿ ಬರುತ್ತಿದೆ, ಎಷ್ಟು ಪಾಟ್ ಬದಲಿಸಿದರೂ ಹೋಗದು. ನಾಬ್ ಮೇಲಿರುವಾಗ ಇದನ್ನು ಮಾಡಬೇಡಿ, ಹಿಂದಿನ ಹಂತದ ಔಟ್‌ಪುಟ್ ಶಾರ್ಟ್ ಆಗುತ್ತದೆ. ಆಂಪ್ಲಿಫೈಯರ್‌ನ ಔಟ್‌ಪುಟ್‌ಗಂತೂ ಯಾವತ್ತೂ ಹೀಗೆ ತಂತಿ ಮುಟ್ಟಿಸಬಾರದು. ಈ ಯಂತ್ರದಲ್ಲಿ ವೈಪರ್ ಶಾರ್ಟ್ ಮಾಡಿದಾಗ 400 ಹರ್ಟ್ಸ್‌ನಲ್ಲಿ 92 ಡಿಬಿ ಕೆಳಗೆ ಇಳಿಯಿತು, ಆದರೆ 8,000 ಹರ್ಟ್ಸ್‌ನಲ್ಲಿ 66ಕ್ಕೇ ನಿಂತಿತು. ಆವರ್ತನ ಇಪ್ಪತ್ತು ಪಟ್ಟಾದಾಗ ಸೋರಿಕೆಯೂ ಇಪ್ಪತ್ತು ಪಟ್ಟು, ಅಂದರೆ ಸರಿಯಾಗಿ 26 ಡಿಬಿ. ಇದು ಕೆಪ್ಯಾಸಿಟೆನ್ಸ್‌ನ ಖಚಿತ ಗುರುತು: ಬೋರ್ಡ್‌ನಲ್ಲಿ ಮುಖ್ಯ ಔಟ್‌ಪುಟ್‌ನ ಗೆರೆ ಹೆಡ್‌ಫೋನ್ ಹಂತದ ಪಕ್ಕದಲ್ಲೇ ಹಾದುಹೋಗಿದೆ. ಅದನ್ನು ಬದಲಿಸಬೇಕೆಂದರೆ ಗೆರೆ ಕಡಿದು ತಂತಿ ಎಳೆಯಬೇಕು. ತಂತ್ರಜ್ಞರು ಅದಕ್ಕೆ ಕೈ ಹಾಕಲಿಲ್ಲ. ಆ ನಿರ್ಧಾರ ಸರಿಯಾದದ್ದು. ವರ್ಷಕ್ಕೆ ಹಲವು ಸಲ ಬ್ಯಾಗಿನಲ್ಲಿ ಲೋಕಲ್ ಟ್ರೇನ್ ಹತ್ತಿಳಿಯುವ ಯಂತ್ರದೊಳಗೆ ಒಂದೊಂದು ಹೆಚ್ಚಿನ ತಂತಿಯೂ ಮುಂದಿನ ಒಂದೊಂದು ದೋಷ.

ಅದರ ಬದಲು ಕೇಬಲನ್ನೇ ಹೊಸದಾಗಿ ಕಟ್ಟಿದರು. ಸ್ಟೀರಿಯೊ ಪ್ಲಗ್‌ನಿಂದ ಬರುವ ಎಡಕ್ಕೊಂದು, ಬಲಕ್ಕೊಂದು 1 ಕಿಲೋಓಮ್ ರೆಸಿಸ್ಟರ್, ಎರಡರ ಇನ್ನೊಂದು ತುದಿ ಸೇರಿ ಒಂದೇ ತಂತಿಯಾಗಿ ಮೋನೊ ಪ್ಲಗ್‌ನ ತುದಿಗೆ. ರೆಸಿಸ್ಟರ್ ಇಲ್ಲದೆ ಎಡ ಬಲಗಳನ್ನು ನೇರವಾಗಿ ಜೋಡಿಸುವವರಿದ್ದಾರೆ, ಅದು ತಪ್ಪು: ಎರಡು ಆಂಪ್ಲಿಫೈಯರ್‌ಗಳು ಒಂದನ್ನೊಂದು ತಳ್ಳಾಡಿ ಬಿಸಿಯಾಗುತ್ತವೆ, ಸದ್ದು ಒಡೆಯುತ್ತದೆ. ಇದನ್ನೆಲ್ಲ ಒಂದು ಪುಟ್ಟ ಅಲ್ಯೂಮಿನಿಯಂ ಡಬ್ಬಿಯಲ್ಲಿ ಹಾಕಿ, ರೆಸಿಸ್ಟರ್‌ಗಳು ಸೇರುವ ಬಿಂದುವಿನಿಂದ ಗ್ರೌಂಡ್‌ಗೆ ಒಂದು ಟಾಗಲ್ ಸ್ವಿಚ್ ಇಟ್ಟರು. ಸ್ವಿಚ್ ಒತ್ತಿದರೆ ಸಿಗ್ನಲ್ ಗ್ರೌಂಡ್‌ಗೆ ಸೇರುತ್ತದೆ, ರೆಸಿಸ್ಟರ್‌ಗಳಿರುವುದರಿಂದ ಆಂಪ್ಲಿಫೈಯರ್‌ಗೆ ಏನೂ ಆಗದು. ಎರಡು ರೆಸಿಸ್ಟರ್ ಸಮಾಂತರವಾಗಿ ಸೇರಿ 500 ಓಮ್, ಸ್ವಿಚ್‌ನ ಸಂಪರ್ಕ 0.05 ಓಮ್ ಎಂದರೂ ಇನ್ನೂ 80 ಡಿಬಿ ಇಳಿತ ಸಿಗುತ್ತದೆ. ಹಾರಿ ಬರುವ ತಾರದ ಸದ್ದಿಗೂ ಅಲ್ಲೇ ತಡೆ.

ಟೇಪ್ ಕಿತ್ತು ಸ್ಪೀಕರಿನ ಗೇನ್ ಇಳಿಸಿದಾಗ, ಮೊದಲಿನಷ್ಟೇ ತಾಳ ಕೇಳಲು ನಾಬ್ ನಡುವಿಗೂ ಬರಬೇಕಾಗಲಿಲ್ಲ. ಚಂಡೆಗೆ ಮೈ ಬಂತು.

ಪ್ರಯೋಗದಲ್ಲಿ

ಮುಂದಿನ ಪ್ರಯೋಗದಿಂದ ಮೌನದ ದೃಶ್ಯದಲ್ಲಿ ನಿರ್ವಾಹಕಿ ನಾಬ್ ಮುಟ್ಟುವುದಿಲ್ಲ, ಸ್ವಿಚ್ ಮಾತ್ರ ಒತ್ತುತ್ತಾರೆ. ಇದರಿಂದ ಇನ್ನೊಂದು ಅನುಕೂಲವೂ ಆಯಿತು. ಮುಂದಿನ ಕುಣಿತಕ್ಕೆ ಸದ್ದು ಬಿಟ್ಟ ಮಟ್ಟದಲ್ಲೇ ವಾಪಸು ಬರುತ್ತದೆ, ಕತ್ತಲಲ್ಲಿ ನಾಬ್ ತಡಕಾಡಿ ಅಂದಾಜು ಮಾಡಬೇಕಿಲ್ಲ. ತಂಡದ ಬೇರೆಯವರು ಹಳೆಯ ಕೇಬಲನ್ನು ಮತ್ತೆ ಚುಚ್ಚದಿರಲಿ ಎಂದು ಅದನ್ನು ಚೀಲದಿಂದಲೇ ತೆಗೆದಿಟ್ಟಿದ್ದಾರೆ. ಬ್ಯಾಲೆನ್ಸ್ಡ್ ಕೇಬಲ್ ಆಗಿ ಅದು ಬೇರೆ ಕಡೆ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಕೇಬಲ್‌ನಲ್ಲಿ ದೋಷವಿರಲಿಲ್ಲ, ಹಾಕಿದ ಜಾಗ ತಪ್ಪಾಗಿತ್ತು.

ಇಂಥದ್ದೇ ದೂರು ಇರುವವರು ಅನುಸರಿಸಬೇಕಾದ ಕ್ರಮ ಈ ಪ್ರಕರಣದಲ್ಲಿ ನಡೆದದ್ದಕ್ಕೆ ಪೂರ್ತಿ ತಿರುವುಮುರುವು. ಮೊದಲು ಸ್ಪೀಕರನ್ನೂ ಕೇಬಲನ್ನೂ ತೆಗೆದು ಜ್ಯಾಕ್‌ಗೆ ನೇರವಾಗಿ ಹೆಡ್‌ಫೋನ್ ಹಾಕಿ ಕೇಳಿ. ಅಲ್ಲಿ ಸೋರಿಕೆ ಗಣನೀಯವಲ್ಲ ಎಂದಾದರೆ ಯಂತ್ರ ಬಿಚ್ಚಬೇಡಿ, ಕೇಬಲ್ ಮತ್ತು ಗೇನ್ ನೋಡಿ. ಅಲ್ಲೂ ಇದೆ ಎಂದಾದರೆ ಹೊರೆ ಹಾಕಿ ಎರಡು ಚಾನೆಲ್‌ಗಳನ್ನು ಬೇರೆ ಬೇರೆ ಅಳೆಯಿರಿ. ಎರಡೂ 60 ಡಿಬಿ ಆಸುಪಾಸು ಇದ್ದರೆ ಅದು ಆ ದರ್ಜೆಯ ಪಾಟ್‌ನ ಮಿತಿ, ರೋಗವಲ್ಲ. ಕಡಿಮೆ ಸೂಕ್ಷ್ಮತೆಯ ಹೆಡ್‌ಫೋನ್ ಅಥವಾ ಆರಿಸಿ ಹಾಕಿದ ಪಾಟ್ ಸಾಕು. ಒಂದು ಚಾನೆಲ್ ಮಾತ್ರ 15, 20 ಡಿಬಿ ಜೋರಾಗಿದ್ದರೆ ಗ್ರೌಂಡ್ ಕಾಲಿನ ಬೆಸುಗೆ ಬಿರುಕು ಬಿಟ್ಟಿರುವ ಸಾಧ್ಯತೆ ಹೆಚ್ಚು. ಮೇಲಿನಿಂದ ಪೆಟ್ಟು ಬಿದ್ದ ಯಂತ್ರಗಳಲ್ಲಿ, ನಾಬನ್ನು ಪೆಟ್ಟಿಗೆಯ ಮೇಲ್ಮೈಗೆ ನಟ್ ಹಾಕಿ ಬಿಗಿಸದೆ ಬರೀ ಬೋರ್ಡ್‌ನ ಮೇಲೆ ನಿಲ್ಲಿಸಿದ ಯಂತ್ರಗಳಲ್ಲಿ ಇದನ್ನು ಮೊದಲು ಸಂಶಯಿಸಿ. ಅಲ್ಲಿ ನಾಬ್‌ನ ಮೇಲಿನ ಒತ್ತಡವೆಲ್ಲ ಬೆಸುಗೆಯ ಮೇಲೆಯೇ ಬೀಳುತ್ತದೆ.

ಇನ್ನೊಂದು ಬಗೆಯ ಯಂತ್ರಗಳಿವೆ, ಅವಕ್ಕೆ ಮೇಲಿನ ಅಳತೆಗಳು ಅನ್ವಯಿಸುವುದಿಲ್ಲ. ಅವುಗಳಲ್ಲಿ ನಾಬ್ ಸದ್ದನ್ನು ಮುಟ್ಟುವುದೇ ಇಲ್ಲ. ಪಾಟ್‌ನ ವೋಲ್ಟೇಜನ್ನು ಪ್ರೊಸೆಸರ್ ಓದಿ, ವಾಲ್ಯೂಮನ್ನು ಲೆಕ್ಕದಲ್ಲಿ ಇಳಿಸುತ್ತದೆ. ನಾಬ್ ಕೊನೆ ಮುಟ್ಟಿದರೂ ಓದಿಕೆ ಸೊನ್ನೆಗೆ ಬರದೆ ನಾಲ್ಕೋ ಐದೋ ತೋರಿಸಿದರೆ, ವಾಲ್ಯೂಮ್ ಮೊದಲ ಮೆಟ್ಟಿಲಲ್ಲೇ ಉಳಿಯುತ್ತದೆ. ಇದನ್ನು ಗುರುತಿಸುವುದು ಸುಲಭ: ಕೊನೆ ಮುಟ್ಟುವ ಜಾಗದ ಹತ್ತಿರ ನಾಬನ್ನು ತೀರಾ ನಿಧಾನವಾಗಿ ತಿರುಗಿಸಿದರೆ ಸದ್ದು ಜಾರುವ ಬದಲು ಮೆಟ್ಟಿಲು ಮೆಟ್ಟಿಲಾಗಿ ಬದಲಾಗುತ್ತದೆ, ಎಡ ಬಲಗಳಲ್ಲಿ ಸೋರಿಕೆ ಕರಾರುವಾಕ್ಕಾಗಿ ಸಮವಾಗಿರುತ್ತದೆ. ಅಂಥ ಯಂತ್ರದಲ್ಲಿ ಸೋಲ್ಡರಿಂಗ್ ಐರನ್ ಕಾಯಿಸುವ ಮುನ್ನ ಸೆಟ್ಟಿಂಗ್ಸ್‌ನಲ್ಲಿ ನಾಬ್ ಕ್ಯಾಲಿಬ್ರೇಶನ್ ಇದೆಯೇ ಎಂದು ಹುಡುಕಿ, ಫರ್ಮ್‌ವೇರ್‌ನ ಹೊಸ ಆವೃತ್ತಿ ಬಂದಿದೆಯೇ ನೋಡಿ.